ಅಣೆಕಟ್ಟಿನಾಚೆಯ ವಿಶ್ವೇಶ್ವರಯ್ಯನವರು



ನಮ್ಮ ಮಂಡ್ಯ ಸೀಮೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪಟ ಇಲ್ಲದ ಊರು ಸಿಗುವುದು ಕಷ್ಟ. ನಾಲ್ವಡಿ ಕೃಷ್ಣರಾಜ ಒಡೆಯರ ಪಟದ ಪಕ್ಕದಲ್ಲಿ, ಜರಿಪೇಟ ಧರಿಸಿ ನೆಟ್ಟಗೆ ನಿಂತ ಆ ಮಹನೀಯರ ಚಿತ್ರಕ್ಕೆ ಹಬ್ಬದ ದಿನ ದೇವರ ಪಟದ ಜೊತೆಗೇ ಹೂವು ಏರಿಸುವ ಮನೆಗಳು ಈಗಲೂ ಇವೆ. ನಮ್ಮ ಗದ್ದೆಗೆ ನೀರು ತರುವ ನಾಲೆಗೂ ಅವರದೇ ಹೆಸರು. ವಿ.ಸಿ. ನಾಲೆ ಅಂತ ಬಾಯಿತುಂಬ ಕರೆಯುತ್ತೇವೆ. ಆದರೆ ವಿಶ್ವೇಶ್ವರಯ್ಯನವರು ಯಾರು ಅಂತ ಮಕ್ಕಳನ್ನು ಕೇಳಿದರೆ ಕನ್ನಂಬಾಡಿ ಕಟ್ಟೆ ಕಟ್ಟಿಸಿದೋರು ಅನ್ನುವಲ್ಲಿಗೆ ಉತ್ತರ ಮುಗಿಯುತ್ತದೆ. ದೊಡ್ಡವರಾದ ನಾವು ಹೇಳುವುದೂ ಹೆಚ್ಚುಕಡಿಮೆ ಅಷ್ಟೇ.

ಸಂಘದ ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಯಲ್ಲಿ ಅವರ ಬದುಕಿನ ಇನ್ನೊಂದು ಭಾಗವನ್ನು ಸದಸ್ಯರ ಮುಂದಿಡಬೇಕೆಂದು ಸಂಚಿಕೆಯ ಸಮಿತಿಯವರಾದ ನಾವು ನಿಶ್ಚಯಿಸಿದೆವು. ಅಣೆಕಟ್ಟು ಅವರ ಕೆಲಸದ ಒಂದು ಪಾಲು ಮಾತ್ರ. ಆಯುಷ್ಯದ ಬಹುಭಾಗ ಅವರನ್ನು ಕಾಡಿದ ಪ್ರಶ್ನೆಯೇ ಬೇರೆ. ಬೆಳೆದವನು ಯಾಕೆ ಬಡವನಾಗಿಯೇ ಉಳಿಯುತ್ತಾನೆ, ನಮ್ಮ ಮಣ್ಣಿನ ಮಾಲು ಹೊರಗೆ ಹೋಗಿ ಸಾಮಾನಾಗಿ ವಾಪಸ್ ಬರುವಾಗ ಮಧ್ಯದ ಲಾಭ ಯಾರ ಕೈ ಸೇರುತ್ತದೆ ಎಂಬ ಪ್ರಶ್ನೆ ಅದು. ಭತ್ತ, ಕಬ್ಬು, ಹಾಲು, ರೇಷ್ಮೆಗೂಡು ಮಾರಿ ಬದುಕುವ ನಮ್ಮಂಥವರಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಮತ್ತೊಂದಿಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಪೂರ್ವಿಕರು ಆಂಧ್ರದ ಮೋಕ್ಷಗುಂಡಂ ಎಂಬ ಊರಿನಿಂದ ಬಂದವರಾದ್ದರಿಂದ ಆ ಹೆಸರು ಮನೆತನದ ಜೊತೆ ಉಳಿಯಿತು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ತಂದೆ ಬೇಗ ತೀರಿಕೊಂಡರು. ಮನೆಯಲ್ಲಿ ವಿದ್ಯೆಗೆ ಬೆಲೆ ಇತ್ತೇ ಹೊರತು ಹಣ ಇರಲಿಲ್ಲ. ಬೆಂಗಳೂರಿನಲ್ಲಿದ್ದ ಸೋದರಮಾವನ ಆಸರೆಯಲ್ಲಿ, ಬೇರೆ ಮಕ್ಕಳಿಗೆ ಮನೆಪಾಠ ಹೇಳಿಕೊಟ್ಟು ಸಂಪಾದಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜು ಸೇರಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಇಡೀ ಮುಂಬಯಿ ಪ್ರಾಂತ್ಯಕ್ಕೇ ಮೊದಲಿಗರಾದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಕೆಲಸ ಸಿಕ್ಕಿತು.

ಅಲ್ಲಿನ ಅವರ ಸಾಧನೆಗಳು ಪಠ್ಯಪುಸ್ತಕಗಳಲ್ಲಿ ಬಂದಿವೆ. ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ತಾವೇ ರೂಪಿಸಿದ, ನೀರು ಏರಿದಾಗ ತಾನೇ ತೆರೆದುಕೊಳ್ಳುವ ಬಾಗಿಲುಗಳನ್ನು ಅಳವಡಿಸಿದರು. ನಾಲೆಯ ನೀರು ಕೆಲವರ ಗದ್ದೆಯಲ್ಲಿ ಹರಿದು ವ್ಯರ್ಥವಾಗದಂತೆ, ಬೆಳೆಯ ಸರದಿ ಗೊತ್ತುಮಾಡಿ ಹೆಚ್ಚು ಹಳ್ಳಿಗಳಿಗೆ ಹಂಚುವ ಬ್ಲಾಕ್ ಪದ್ಧತಿಯನ್ನು ತಂದರು. ಮುಂದೆ ಹೈದರಾಬಾದಿನಲ್ಲಿ 1908ರ ಮೂಸಿ ನದಿಯ ಮಹಾಪೂರದ ನಂತರ ಆ ನಗರಕ್ಕೆ ರಕ್ಷಣೆಯ ಯೋಜನೆ ಹಾಕಿಕೊಟ್ಟರು.

ಜಪಾನ್ ಕಲಿಸಿದ ಪಾಠ

ನಮ್ಮ ವಿಷಯಕ್ಕೆ ಬೇಕಾದ ಘಟನೆ ಇವೆಲ್ಲದರ ನಡುವೆ ನಡೆಯಿತು. 1898ರಲ್ಲಿ ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಬಂದರು. ಆಗಿನ ಕಾಲಕ್ಕೆ ಸಮುದ್ರ ದಾಟುವುದೇ ದೊಡ್ಡ ಸಂಗತಿ. ವಿದ್ಯಾವಂತರು ಹೋದರೆ ಇಂಗ್ಲೆಂಡಿಗೆ ಹೋಗುತ್ತಿದ್ದರು. ಇವರು ಪೂರ್ವಕ್ಕೆ ಮುಖ ಮಾಡಿದ್ದಕ್ಕೆ ಕಾರಣವಿತ್ತು. ಮೂವತ್ತು ವರ್ಷಗಳ ಹಿಂದೆ ನಮ್ಮ ಹಾಗೆಯೇ ಕೈಕಸುಬು, ಬೇಸಾಯ ನೆಚ್ಚಿಕೊಂಡಿದ್ದ ದೇಶವೊಂದು ಅಷ್ಟರಲ್ಲೇ ಹಡಗು, ಜವಳಿ, ಯಂತ್ರಗಳನ್ನು ತಾನೇ ಮಾಡಿಕೊಳ್ಳುವ ಮಟ್ಟಕ್ಕೆ ಏರಿತ್ತು. ಅದು ಹೇಗಾಯಿತು ಅಂತ ಕಣ್ಣಾರೆ ನೋಡುವುದು ಅವರ ಉದ್ದೇಶ.

ಅಲ್ಲಿ ಅವರು ಕಂಡದ್ದು ಪವಾಡವೇನಲ್ಲ. ಮಕ್ಕಳೆಲ್ಲ ಶಾಲೆಗೆ ಹೋಗುತ್ತಿದ್ದರು. ಸರ್ಕಾರ ಹೊರದೇಶದಿಂದ ಯಂತ್ರದ ಜೊತೆಗೆ ಕಲಿಸುವವರನ್ನೂ ಕರೆಸುತ್ತಿತ್ತು. ತನ್ನವರು ಕಲಿತ ಮೇಲೆ ಹೊರಗಿನವರನ್ನು ಗೌರವದಿಂದ ಕಳಿಸಿಕೊಡುತ್ತಿತ್ತು. ಆರಂಭದ ಕಾರ್ಖಾನೆಗಳ ಭಾರವನ್ನು ಸರ್ಕಾರ ಹೊತ್ತು, ನಡೆಯುವ ಹಂತಕ್ಕೆ ಬಂದ ಮೇಲೆ ಜನರ ಕೈಗೆ ಕೊಟ್ಟ ಉದಾಹರಣೆಗಳೂ ಇದ್ದವು. ಹಳ್ಳಿಯ ರೈತನ ಮನೆಯಲ್ಲಿ ಬೇಸಾಯದ ಜೊತೆ ರೇಷ್ಮೆಯೋ ನೇಯ್ಗೆಯೋ ಇನ್ನೊಂದು ಕಸುಬು ನಡೆಯುತ್ತಿತ್ತು. ವಿದ್ಯೆ, ಯಂತ್ರ, ಬಂಡವಾಳ, ಲೆಕ್ಕ ಈ ನಾಲ್ಕು ಒಟ್ಟಿಗೆ ಸೇರಿದರೆ ಬಡ ದೇಶವೂ ಒಂದು ತಲೆಮಾರಿನಲ್ಲಿ ಬದಲಾಗಬಹುದು ಎಂಬ ನಂಬಿಕೆ ಅವರಲ್ಲಿ ಬೇರೂರಿತು. ಮುಂದಿನ ಅರವತ್ತು ವರ್ಷ ಅವರು ಮಾಡಿದ್ದೆಲ್ಲ ಈ ನಂಬಿಕೆಯ ವಿಸ್ತಾರವೇ.

ಮೈಸೂರಿನಲ್ಲಿ

1909ರ ನವೆಂಬರಿನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿ ಬಂದರು. ಬರೀ ರಸ್ತೆ, ಕಟ್ಟಡ ನೋಡಿಕೊಳ್ಳುವ ಕೆಲಸಕ್ಕಾದರೆ ಬರಲು ಅವರಿಗೆ ಮನಸ್ಸಿರಲಿಲ್ಲ. ನಾಡಿನಲ್ಲಿ ತಾಂತ್ರಿಕ ಶಿಕ್ಷಣ, ಕೈಗಾರಿಕೆ ಬೆಳೆಸಲು ಅವಕಾಶ ಉಂಟೇ ಎಂದು ವಿಚಾರಿಸಿ, ಭರವಸೆ ಸಿಕ್ಕ ಮೇಲೆ ಒಪ್ಪಿಕೊಂಡರು.

ಕನ್ನಂಬಾಡಿಯ ಕೆಲಸ 1911ರಲ್ಲಿ ಶುರುವಾಯಿತು. ನಾವು ಅದನ್ನು ನೀರಾವರಿ ಕಟ್ಟೆ ಅಂತಲೇ ನೋಡುತ್ತೇವೆ. ಅದು ಕಾರ್ಖಾನೆಗಳ ಕಟ್ಟೆಯೂ ಹೌದು. ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುತ್ ಉತ್ಪಾದನೆಯಾಗಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ಮಳೆಗಾಲದ ನೀರನ್ನು ಮೇಲೆ ಹಿಡಿದಿಟ್ಟು ವರ್ಷವಿಡೀ ಒಂದೇ ಸಮನೆ ಬಿಟ್ಟರೆ ಗಣಿಗೂ ಊರುಗಳಿಗೂ ಕಾರ್ಖಾನೆಗಳಿಗೂ ನಂಬಿಕೆಯ ವಿದ್ಯುತ್ ಸಿಗುತ್ತದೆ, ಅದರ ಆದಾಯದಿಂದ ಕಟ್ಟೆಯ ಖರ್ಚಿಗೂ ದಾರಿಯಾಗುತ್ತದೆ, ಒಣಗಿದ ನಮ್ಮ ಭೂಮಿಗೆ ನೀರೂ ಹರಿಯುತ್ತದೆ ಎಂಬುದು ಲೆಕ್ಕಾಚಾರ. ಒಂದೇ ಗೋಡೆಯಿಂದ ಇಷ್ಟು ಕೆಲಸ ತೆಗೆಯಲು ಹೊರಟರು. ಮದರಾಸು ಸರ್ಕಾರದ ತಕರಾರು, ಹಣದ ಮುಗ್ಗಟ್ಟು, ಮಹಾಯುದ್ಧ ಎಲ್ಲವನ್ನೂ ದಾಟಿ ಕಟ್ಟೆ ಪೂರ್ತಿಯಾಗಲು ಸುಮಾರು ಎರಡು ದಶಕ ಹಿಡಿಯಿತು.

ಅದೇ 1911ರಲ್ಲಿ ಅವರ ಸಲಹೆಯಂತೆ ಮೈಸೂರು ಎಕನಾಮಿಕ್ ಕಾನ್ಫರೆನ್ಸ್, ಅಂದರೆ ಸಂಪದಭ್ಯುದಯ ಸಮಾಜ, ಸ್ಥಾಪನೆಯಾಯಿತು. ಶಿಕ್ಷಣ, ಕೃಷಿ, ಕೈಗಾರಿಕೆ ಮತ್ತು ವಾಣಿಜ್ಯಕ್ಕೆ ಒಂದೊಂದು ಸಮಿತಿ. ಅಧಿಕಾರಿಗಳ ಜೊತೆ ವರ್ತಕರು, ಜಮೀನ್ದಾರರು, ವಿದ್ಯಾವಂತರು ಕೂತು ನಾಡಿನ ಸಂಪತ್ತು ಹೆಚ್ಚಿಸುವ ಬಗ್ಗೆ ಚರ್ಚಿಸಿ, ಅಂಕಿಅಂಶ ಸಂಗ್ರಹಿಸಿ, ಆದ ಕೆಲಸಕ್ಕೆ ವರದಿ ಒಪ್ಪಿಸಬೇಕು. ಜನರ ಭಾಷೆ ಬೆಳೆಯದೆ ಜನರ ಬದುಕು ಬೆಳೆಯದು ಎಂಬ ವಿಚಾರವೂ ಅಲ್ಲಿ ಬಂದು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಲು ಈ ಸಮಾಜವೇ ಕಾರಣವಾಯಿತು. ಇದು ಅನೇಕರಿಗೆ ಗೊತ್ತಿರಲಾರದು.

1912ರ ನವೆಂಬರಿನಲ್ಲಿ ಅವರು ದಿವಾನರಾದರು. ಆರು ವರ್ಷದ ಆ ಅವಧಿಯಲ್ಲಿ ಆದ ಕೆಲಸ ನೋಡಿದರೆ ತಲೆ ತಿರುಗುತ್ತದೆ. 1913ರಲ್ಲಿ ಮೈಸೂರು ಬ್ಯಾಂಕ್ ಆಯಿತು. ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಂದು ಹೆಸರಾಗಿ 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದದ್ದು ಅದೇ ಬ್ಯಾಂಕು. ಅದೇ 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಮತ್ತು ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದವು. ಸಂಸ್ಥಾನದ ಶಾಲೆಗಳ ಸಂಖ್ಯೆ ಸುಮಾರು 4,500ರಿಂದ 10,500ಕ್ಕೆ ಏರಿತು. ಸಹಕಾರಿಗಳಾದ ನಾವು ಮುಖ್ಯವಾಗಿ ನೆನೆಯಬೇಕಾದ್ದು 1915. ಇಂದು ಅಪೆಕ್ಸ್ ಬ್ಯಾಂಕ್ ಎಂದು ಕರೆಯುವ ರಾಜ್ಯ ಸಹಕಾರ ಬ್ಯಾಂಕು ಆರಂಭವಾದದ್ದು ಆ ವರ್ಷ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗಲೇ. ನಮ್ಮ ಸಂಘಕ್ಕೆ ಬರುವ ಬೆಳೆ ಸಾಲದ ಹಣ ಜಿಲ್ಲಾ ಬ್ಯಾಂಕಿನ ಮೂಲಕ ಹಿಂದಕ್ಕೆ ಹುಡುಕಿಕೊಂಡು ಹೋದರೆ ಅಲ್ಲಿಗೇ ತಲುಪುತ್ತದೆ.

ಗಂಧದ ಮರದ ಕಥೆ

ಅವರ ವಿಚಾರ ಸುಲಭವಾಗಿ ಅರ್ಥವಾಗಬೇಕಾದರೆ ಶ್ರೀಗಂಧದ ಕಥೆ ಹೇಳಬೇಕು. ಗಂಧದ ಮರ ಮೈಸೂರು ಸರ್ಕಾರದ ಸೊತ್ತು. ಕಡಿದ ತುಂಡುಗಳನ್ನು ಡಿಪೋಗಳಲ್ಲಿ ಹರಾಜು ಹಾಕುತ್ತಿದ್ದರು. ಹೆಚ್ಚಿನ ಪಾಲು ಯೂರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮರ ನಮ್ಮದು, ವಾಸನೆ ನಮ್ಮದು, ಎಣ್ಣೆಯ ಬೆಲೆ ಮಾತ್ರ ಅವರದು. 1914ರಲ್ಲಿ ಮಹಾಯುದ್ಧ ಶುರುವಾಗಿ ಆ ವ್ಯಾಪಾರ ನಿಂತಿತು. ಗಂಧದ ರಾಶಿ ಡಿಪೋಗಳಲ್ಲಿ ಬಿದ್ದಿತು, ಸಂಸ್ಥಾನದ ವರಮಾನ ಕುಸಿಯಿತು.

ಯುದ್ಧ ಮುಗಿಯುವವರೆಗೆ ಕಾಯಬಹುದಿತ್ತು. ಕಾಯಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅವರು ಎಣ್ಣೆ ಬಟ್ಟಿ ಇಳಿಸುವ ಕ್ರಮವನ್ನು ಪ್ರಯೋಗ ಮಾಡಿ ತೋರಿಸಿದರು. ಕೈಗಾರಿಕೆಯ ವಿಷಯದಲ್ಲಿ ಸಂಸ್ಥಾನಕ್ಕೆ ನೆರವಾಗುತ್ತಿದ್ದ ಆಲ್‌ಫ್ರೆಡ್ ಚಾಟರ್‌ಟನ್ ಅವರು ಅದನ್ನು ಕಾರ್ಖಾನೆಯ ಹಂತಕ್ಕೆ ತರಲು ಶ್ರಮಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಎದ್ದಿತು. ಎಣ್ಣೆ ಇದ್ದ ಮೇಲೆ ಸಾಬೂನು ಯಾಕಾಗಬಾರದು ಎಂಬ ಯೋಚನೆ ಬಂತು. ಸಾಬೂನಿನ ವಿದ್ಯೆ ಕಲಿತ ಎಸ್.ಜಿ. ಶಾಸ್ತ್ರಿಗಳು ಆ ಕೆಲಸ ಕೈಗೆತ್ತಿಕೊಂಡರು. ಜನ ಅವರನ್ನು ಸೋಪು ಶಾಸ್ತ್ರಿಗಳು ಎಂದೇ ಕರೆದರು. 1918ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಬಂತು. ಅದು ನೂರು ವರ್ಷ ದಾಟಿ ಇಂದೂ ನಮ್ಮ ಮನೆಗಳ ಬಚ್ಚಲಿನಲ್ಲಿದೆ.

ಮರ ಕಡಿದು ಮಾರುವ ಕಡೆಯಿಂದ ಎಣ್ಣೆಗೆ, ಎಣ್ಣೆಯಿಂದ ಸಾಬೂನಿಗೆ ಬರುತ್ತಾ ಒಂದೊಂದು ಮೆಟ್ಟಿಲಿಗೂ ಊರಿನಲ್ಲಿ ಕೆಲಸ ಹುಟ್ಟಿತು. ವಿದ್ಯೆ ಕಲಿತ ಹುಡುಗರಿಗೆ ಜಾಗ ಸಿಕ್ಕಿತು. ಡಬ್ಬಿ ಮಾಡುವವನು, ಚೀಟಿ ಅಚ್ಚು ಹಾಕುವವನು, ಗಾಡಿ ಹೊಡೆಯುವವನು ಕೂಡ ಎರಡು ಕಾಸು ಕಂಡರು. ಕೈಗಾರಿಕೆ ಅಂದರೆ ಇಷ್ಟೇ ಕಣ್ರೀ.

ದಿವಾನಗಿರಿಯ ಅಂತ್ಯ

1918ರ ಕೊನೆಯಲ್ಲಿ ಅವರು ದಿವಾನಗಿರಿ ಬಿಟ್ಟರು. ಕಾರಣವನ್ನು ಮುಚ್ಚಿಡುವುದು ಸರಿಯಲ್ಲ. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಸಮಾಜಗಳಿಗೆ ಪಾಲು ಸಿಗಬೇಕೆಂಬ ಚಳವಳಿ ಆಗ ಎದ್ದಿತ್ತು. ಮಹಾರಾಜರು ಅದಕ್ಕೆ ಕಿವಿಗೊಟ್ಟು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅರ್ಹತೆಯೊಂದೇ ಅಳತೆಗೋಲಾಗಬೇಕು, ಶಿಕ್ಷಣ ಹರಡಿದರೆ ಉಳಿದದ್ದು ತಾನೇ ಸರಿಹೋಗುತ್ತದೆ ಎಂಬುದು ದಿವಾನರ ನಿಲುವು. ಶಿಕ್ಷಣ ಮನೆಬಾಗಿಲಿಗೆ ಬರುವ ತನಕ ಎಷ್ಟು ತಲೆಮಾರು ಕಾಯಬೇಕು ಎಂಬುದು ಹಳ್ಳಿಗರ ಪ್ರಶ್ನೆ. ಆ ಸಮಿತಿಯ ವರದಿಯ ಫಲವಾಗಿ ವಿದ್ಯೆ, ನೌಕರಿ ಕಂಡ ರೈತಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ಸಾವಿರಾರು. ಈ ಒಂದು ವಿಷಯದಲ್ಲಿ ಕಾಲ ಮಹಾರಾಜರ ಕಡೆಗೆ ನಿಂತಿತು ಎಂದು ನಾವು ನಂಬುತ್ತೇವೆ. ಇಬ್ಬರನ್ನೂ ಒಂದೇ ಗೋಡೆಯ ಮೇಲೆ ತೂಗುಹಾಕುವ ನಮ್ಮ ಜನಕ್ಕೆ ಇಬ್ಬರ ಋಣವೂ ಗೊತ್ತಿದೆ.

ಭದ್ರಾವತಿಯ ಅಗ್ನಿಪರೀಕ್ಷೆ

ಅಧಿಕಾರ ಹೋದ ಮೇಲೆ ಸುಮ್ಮನೆ ಕೂರುವ ಜೀವ ಅದಲ್ಲ. 1919ರಲ್ಲಿ ಹೊರಟು ಜಪಾನ್, ಅಮೆರಿಕ, ಯೂರೋಪು ಸುತ್ತಿದರು. 1920ರಲ್ಲಿ ಭಾರತದ ಪುನರ್ನಿರ್ಮಾಣದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಆದರೆ ಅವರ ವಿಚಾರಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು ಭದ್ರಾವತಿಯಲ್ಲಿ.

ಬಾಬಾಬುಡನ್ ಗಿರಿಯ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆಯ ಕಬ್ಬಿಣದ ಅದಿರಿದೆ. ಕಲ್ಲಿದ್ದಲು ನಮ್ಮಲ್ಲಿಲ್ಲ. ಮಲೆನಾಡಿನಲ್ಲಿ ಕಾಡಿದೆ, ಭದ್ರೆಯಲ್ಲಿ ನೀರಿದೆ. ಕಲ್ಲಿದ್ದಲಿನ ಬದಲು ಸೌದೆಯ ಇದ್ದಿಲಿನಿಂದ ಕಬ್ಬಿಣ ಕರಗಿಸಬಹುದು ಎಂದು ಯೋಜನೆ ಸಿದ್ಧವಾಯಿತು. ಅಮೆರಿಕದ ತಜ್ಞ ಪೆರಿನ್ ಅವರ ಸಲಹೆ ಪಡೆದರು. ಅವರು ಟಾಟಾ ಕಂಪನಿಯ ಉಕ್ಕಿನ ಕಾರ್ಖಾನೆಗೂ ಸಲಹೆಗಾರರಾಗಿದ್ದವರು. ಹಿಂದೆ ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಊರಿನಲ್ಲಿ ಸಂಸ್ಥಾನದ ಹಣದಿಂದ ಊದುಕುಲುಮೆ ಎದ್ದು, 1923ರ ಜನವರಿಯಲ್ಲಿ ಕಬ್ಬಿಣ ಹರಿಯಿತು. ಸೌದೆಯನ್ನು ಬಯಲಲ್ಲಿ ಸುಟ್ಟರೆ ಹೊಗೆಯಾಗಿ ಹೋಗುವ ವಸ್ತುಗಳನ್ನು ಹಿಡಿಯಲು ಮುಚ್ಚಿದ ಒಲೆಗಳಲ್ಲಿ ಕಾಯಿಸಿ, ಇದ್ದಿಲಿನ ಜೊತೆಗೆ ಮರದ ಮದ್ಯಸಾರ, ಟಾರು ಮುಂತಾದವನ್ನೂ ತೆಗೆಯುವ ಘಟಕ ಅಲ್ಲಿತ್ತು. ಆ ಕಾಲಕ್ಕೆ ಅದೊಂದು ದೊಡ್ಡ ಸಾಹಸ.

ಕುಲುಮೆ ಹೊತ್ತಿಕೊಳ್ಳುವ ಹೊತ್ತಿಗೆ ಪೇಟೆ ಆರಿಹೋಗಿತ್ತು. ಯುದ್ಧಕಾಲದಲ್ಲಿ ಏರಿದ್ದ ಬೀಡುಕಬ್ಬಿಣದ ಬೆಲೆ ಯುದ್ಧದ ನಂತರ ಇಳಿಯುತ್ತಾ ಬಂತು. ಅಂದಾಜು ಖರ್ಚು ಮೀರಿತ್ತು. ಹೊರಗಿನ ತಜ್ಞರ ಸಂಬಳ ಜಾಸ್ತಿ. ತಯಾರಿಸುವ ಖರ್ಚು ಮಾರುವ ಬೆಲೆಗಿಂತ ಹೆಚ್ಚಾಗಿ, ಸಂಸ್ಥಾನಕ್ಕೆ ಇದೊಂದು ಬಿಳಿ ಆನೆ ಆಯಿತು ಅಂತ ಜನ ಆಡಿಕೊಂಡರು. ಕಾರ್ಖಾನೆ ಮುಚ್ಚಿಬಿಡಿ ಎಂಬ ಮಾತೂ ಎದ್ದಿತು.

ಆಗ, 1923ರಲ್ಲಿ, ಸರ್ಕಾರ ಇವರನ್ನೇ ಕರೆದು ಆಡಳಿತ ಮಂಡಳಿಯ ಅಧ್ಯಕ್ಷ ಸ್ಥಾನ ಒಪ್ಪಿಸಿತು. ಅರವತ್ತು ದಾಟಿದ ವಯಸ್ಸು. ಬೇಡ ಎಂದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಒಪ್ಪಿಕೊಂಡು 1929ರ ತನಕ ಆ ಭಾರ ಹೊತ್ತರು. ಮಾಡಿದ್ದು ಬಹಳ ಸಾದಾ ಕೆಲಸ. ಒಂದು ಟನ್ ಕಬ್ಬಿಣಕ್ಕೆ ಅದಿರು ಎಷ್ಟು, ಇದ್ದಿಲು ಎಷ್ಟು, ಕೂಲಿ ಎಷ್ಟು ಎಂದು ಬಿಡಿಬಿಡಿಯಾಗಿ ಲೆಕ್ಕ ತೆಗೆಸಿದರು. ಎಲ್ಲಿ ಸೋರುತ್ತಿದೆಯೋ ಅಲ್ಲಿ ಕಟ್ಟಿದರು. ನಮ್ಮ ಹುಡುಗರನ್ನು ತರಬೇತು ಮಾಡಿ ಹೊರಗಿನವರ ಜಾಗದಲ್ಲಿ ಒಬ್ಬೊಬ್ಬರನ್ನಾಗಿ ನಿಲ್ಲಿಸಿದರು. ಬೀಡುಕಬ್ಬಿಣವನ್ನು ಹಾಗೇ ಮಾರುವ ಬದಲು ಎರಕದ ಕೊಳವೆಯಂಥ ಬೆಲೆಯುಳ್ಳ ಸಾಮಾನು ಮಾಡಿ ಮಾರುವ ದಾರಿ ಹಿಡಿಸಿದರು. ಕಾರ್ಖಾನೆ ದಿನದ ಖರ್ಚನ್ನು ತಾನೇ ದುಡಿದುಕೊಳ್ಳುವ ಸ್ಥಿತಿಗೆ ಬಂದ ಮೇಲೆಯೇ ಅವರು ಹೊರಬಂದದ್ದು. ತಮಗೆ ಸಲ್ಲಬೇಕಾದ ಸಂಬಳದ ಹಣವನ್ನು ಕೈಯಲ್ಲಿ ಮುಟ್ಟದೆ, ಹುಡುಗರಿಗೆ ಕಸುಬು ಕಲಿಸುವ ಶಾಲೆಗೆ ಹೋಗುವಂತೆ ಮಾಡಿದರು. ಅದಕ್ಕೂ ತಮ್ಮ ಹೆಸರು ಬೇಡವೆಂದು ಜಯಚಾಮರಾಜೇಂದ್ರರ ಹೆಸರಿಡಿಸಿದರು. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್ಕಿನ ಮೂಲ ಇದೇ.

ಭದ್ರಾವತಿ ಮುಂದೆ 1936ರಲ್ಲಿ ಉಕ್ಕು, ಆಮೇಲೆ ಸಿಮೆಂಟು ತಯಾರಿಸಿತು. ಪಕ್ಕದಲ್ಲೇ ಕಾಗದದ ಕಾರ್ಖಾನೆ ಬಂತು. ಮಲೆನಾಡಿನ ಒಂದು ಸಣ್ಣ ಊರು ಕಾರ್ಮಿಕರ ಪಟ್ಟಣವಾಯಿತು. ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತ ಆ ಉಕ್ಕಿನ ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ಸೇರಿತು. ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 2023ರ ಜನವರಿಯಲ್ಲಿ, ಕಬ್ಬಿಣ ಹರಿದ ದಿನಕ್ಕೆ ಸರಿಯಾಗಿ ನೂರು ವರ್ಷ ತುಂಬುವ ಹೊತ್ತಿನಲ್ಲೇ, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದು ಕಾರ್ಮಿಕರು ಧರಣಿ ಕೂತರು. ಕಾರ್ಖಾನೆ ಕಟ್ಟುವುದು ಒಂದು ತಲೆಮಾರಿನ ಕೆಲಸವಾದರೆ ಕಾಲಕಾಲಕ್ಕೆ ಯಂತ್ರ ಹೊಸದು ಮಾಡಿ, ಅದಿರು ಒದಗಿಸಿ ಉಳಿಸಿಕೊಳ್ಳುವುದು ಪ್ರತಿ ತಲೆಮಾರಿನ ಕೆಲಸ. ಭದ್ರಾವತಿಯ ಕಥೆಯಲ್ಲಿ ಎರಡೂ ಇವೆ.

ದೇಶಕ್ಕೊಂದು ಯೋಜನೆ

ಮೈಸೂರಿನಲ್ಲಿ ಮಾಡಿ ನೋಡಿದ್ದನ್ನು ದೇಶಕ್ಕೆ ಹೇಳುವ ಕಾಲ ಮುಂದೆ ಬಂತು. 1934ರಲ್ಲಿ ಅವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಇಂಗ್ಲಿಷಿನಲ್ಲಿ ಗ್ರಂಥ ಬರೆದರು. ಹತ್ತು ವರ್ಷಗಳಲ್ಲಿ ದೇಶದ ಆದಾಯವನ್ನು ಇಮ್ಮಡಿ ಮಾಡುವ ಗುರಿ ಅದರಲ್ಲಿತ್ತು. ಭೂಮಿಯೊಂದನ್ನೇ ನಂಬಿದ ಜನರಲ್ಲಿ ಒಂದು ಪಾಲು ಕೈಗಾರಿಕೆಗೆ ಬಂದರೆ ಭೂಮಿಯ ಮೇಲಿನ ಭಾರ ಇಳಿಯುತ್ತದೆ, ಬೇಸಾಯದಲ್ಲಿ ಉಳಿದವನ ಪಾಲೂ ಹೆಚ್ಚುತ್ತದೆ ಎಂಬುದು ಅದರ ತಿರುಳು. ಸ್ವಾತಂತ್ರ್ಯ ಬರಲು ಇನ್ನೂ ಹದಿಮೂರು ವರ್ಷವಿತ್ತು, ಮೊದಲ ಪಂಚವಾರ್ಷಿಕ ಯೋಜನೆಗೆ ಹದಿನೇಳು ವರ್ಷವಿತ್ತು. 1938ರಲ್ಲಿ ಸುಭಾಷ್‌ಚಂದ್ರ ಬೋಸರು ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗ, ಜವಾಹರಲಾಲ್ ನೆಹರೂ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಯೋಜನಾ ಸಮಿತಿ ರಚಿಸಿದರು. ವಿಶ್ವೇಶ್ವರಯ್ಯನವರ ಹೆಸರೂ ಸದಸ್ಯರಲ್ಲಿತ್ತು.

ಇದೇ ಕಾಲದಲ್ಲಿ ಗಾಂಧೀಜಿಯವರು ಚರಕ, ಗ್ರಾಮೋದ್ಯೋಗ ಎಂದು ನಾಡನ್ನು ಎಬ್ಬಿಸುತ್ತಿದ್ದರು. ಇವರು ಯಂತ್ರ, ಭಾರೀ ಕೈಗಾರಿಕೆ ಎನ್ನುತ್ತಿದ್ದರು. ಇಬ್ಬರ ನಡುವೆ ಗೌರವವೂ ಇತ್ತು, ಭಿನ್ನಾಭಿಪ್ರಾಯವೂ ಇತ್ತು. ಗಾಂಧೀಜಿಗೆ ಯಂತ್ರದಿಂದ ಕೈಗಳು ಕೆಲಸ ಕಳೆದುಕೊಳ್ಳುವ ಭಯ. ಇವರಿಗೆ ಯಂತ್ರವಿಲ್ಲದೆ ಎಷ್ಟು ದುಡಿದರೂ ಹೊಟ್ಟೆ ತುಂಬದೆಂಬ ಭಯ. ಎರಡು ಭಯವೂ ಸುಳ್ಳಲ್ಲ.

ಮೋಟಾರು ಕಾರಿನ ಕಾರ್ಖಾನೆ ಅವರ ಇನ್ನೊಂದು ಕನಸು. 1935ರಲ್ಲಿ ಎಪ್ಪತ್ತರ ಗಡಿ ದಾಟಿದ್ದರೂ ಯೂರೋಪು, ಅಮೆರಿಕದ ಕಾರ್ಖಾನೆಗಳನ್ನು ಸುತ್ತಿ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಜೊತೆಗೂಡಿದರು. ಬೆಂಗಳೂರಿನಲ್ಲಿ ಸ್ಥಾಪಿಸುವ ಪ್ರಯತ್ನಕ್ಕೆ ಬ್ರಿಟಿಷ್ ಭಾರತ ಸರ್ಕಾರದ ಒಪ್ಪಿಗೆ ಸಿಗಲಿಲ್ಲ. ಕೊನೆಗೆ 1944ರಲ್ಲಿ ವಾಲ್‌ಚಂದರು ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿ ತೆರೆದರು. 1940ರಲ್ಲಿ ಅದೇ ವಾಲ್‌ಚಂದರು ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದ್ದರು. ಅದೇ ಇಂದಿನ ಎಚ್.ಎ.ಎಲ್. 1941ರಲ್ಲಿ ವಿಶ್ವೇಶ್ವರಯ್ಯನವರು ಅಖಿಲ ಭಾರತ ಉತ್ಪಾದಕರ ಸಂಸ್ಥೆಯನ್ನು ಕಟ್ಟಿ, ಸಣ್ಣ ದೊಡ್ಡ ಕಾರ್ಖಾನೆಯವರನ್ನೆಲ್ಲ ಒಂದು ಕಡೆ ಸೇರಿಸಿದರು.

ಕೊನೆಗೆ ಹಳ್ಳಿಯ ಕಡೆಗೆ

ಉಕ್ಕು, ಮೋಟಾರು ಅಂತ ಓಡಾಡಿದ ಈ ಹಿರಿಯರು ತಮ್ಮ ತೊಂಬತ್ತರ ವಯಸ್ಸಿನ ಹೊತ್ತಿಗೆ ಹಳ್ಳಿಗಳಿಗಾಗಿಯೇ ಒಂದು ಯೋಜನೆ ಬರೆದದ್ದು ನಮ್ಮಂಥವರಿಗೆ ಮುಖ್ಯ. ಸ್ವಾತಂತ್ರ್ಯದ ನಂತರ ಗ್ರಾಮಗಳ ಕೈಗಾರಿಕೀಕರಣಕ್ಕೆ ಅವರು ಹಾಕಿಕೊಟ್ಟ ಕ್ರಮ ಹೀಗಿತ್ತು. ಅಕ್ಕಪಕ್ಕದ ಹಳ್ಳಿಗಳನ್ನು ಗುಂಪು ಮಾಡಬೇಕು. ಗುಂಪಿಗೊಂದು ಊರವರದೇ ಸಮಿತಿ ಇರಬೇಕು. ಅಲ್ಲಿ ಏನು ಬೆಳೆಯುತ್ತದೆ, ಯಾವ ಕಸುಬಿದೆ, ಎಷ್ಟು ಕೈ ಖಾಲಿ ಇದೆ ಎಂದು ಲೆಕ್ಕ ತೆಗೆಯಬೇಕು. ಅಲ್ಲೇ ಸಿಗುವ ಮಾಲಿನಿಂದ ಅಲ್ಲೇ ಮಾಡಬಹುದಾದ ಸಣ್ಣ ಕೈಗಾರಿಕೆ ಆರಿಸಬೇಕು. ಬಂಡವಾಳದಲ್ಲಿ ಊರವರ ಪಾಲು ಇರಬೇಕು, ಸರ್ಕಾರ ನೆರವು ಕೊಡಬೇಕು. ವರ್ಷಕ್ಕೊಮ್ಮೆ ಉತ್ಪಾದನೆ ಎಷ್ಟು ಏರಿತು ಅಂತ ಅಳೆದು ಎಲ್ಲರ ಮುಂದೆ ಇಡಬೇಕು. ಮೈಸೂರು ಸರ್ಕಾರ ಇದನ್ನು ಮೊದಲು ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳಲ್ಲಿ ಪ್ರಯೋಗಕ್ಕೆ ತಂದಿತು. ಅವರು ಬಯಸಿದಷ್ಟು ದೂರ ಅದು ಹಬ್ಬಲಿಲ್ಲ.

ಬೆಳೆಯುವ ಜಾಗದಲ್ಲೇ ಕಾರ್ಖಾನೆ ಬಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮಂಡ್ಯವೇ ಸಾಕ್ಷಿ. ಕನ್ನಂಬಾಡಿಯ ನೀರು ನಾಲೆಗೆ ಬಂದ ಮೇಲೆ, ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ಲೆಸ್ಲಿ ಕೋಲ್ಮನ್ ಅವರ ಶ್ರಮದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಸರ್ಕಾರದ ಜೊತೆ ರೈತರೂ ಷೇರುದಾರರಾದರು. ರಾಗಿ, ಜೋಳ ಕಾಣುತ್ತಿದ್ದ ಬಯಲಿನಲ್ಲಿ ಕಬ್ಬಿನ ಗಾಡಿ ಸಾಲುಗಟ್ಟಿತು. 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ಅದೇ ಕಾರ್ಖಾನೆ ನಷ್ಟಕ್ಕೆ ಸಿಕ್ಕಿ ಕೆಲವು ವರ್ಷ ಅರೆಯುವುದು ನಿಲ್ಲಿಸಿದಾಗ ಬೆಳೆಗಾರರು ಪಟ್ಟ ಪಾಡನ್ನೂ, 2022ರಲ್ಲಿ ಮತ್ತೆ ಚಕ್ರ ತಿರುಗಿದಾಗಿನ ಸಂತೋಷವನ್ನೂ ಸದಸ್ಯರು ಮರೆತಿಲ್ಲ.

1955ರಲ್ಲಿ ವಿಶ್ವೇಶ್ವರಯ್ಯನವರಿಗೆ ಭಾರತರತ್ನ ಬಂತು. 1960ರ ಸೆಪ್ಟೆಂಬರ್ 15ರಂದು ಅವರ ಶತಮಾನೋತ್ಸವಕ್ಕೆ ಅಂಚೆ ಚೀಟಿ ಹೊರಬಂದಾಗ ಅದನ್ನು ನೋಡಲು ಅವರೇ ಬದುಕಿದ್ದರು. 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಕಣ್ಣುಮುಚ್ಚಿದರು. ಹುಟ್ಟಿದ ಮುದ್ದೇನಹಳ್ಳಿಯಲ್ಲೇ ಅವರ ಸಮಾಧಿ ಇದೆ. ಸೆಪ್ಟೆಂಬರ್ 15ನ್ನು ದೇಶ ಎಂಜಿನಿಯರುಗಳ ದಿನವಾಗಿ ಆಚರಿಸುತ್ತದೆ.

ನಮ್ಮ ಸಂಘದ ಮುಂದಿರುವ ಮಾತು

ನಮ್ಮ ಸಂಘ ಇಪ್ಪತ್ತೈದು ವರ್ಷ ಸಾಲ ಕೊಟ್ಟಿದೆ, ಗೊಬ್ಬರ ಹಂಚಿದೆ, ಪಡಿತರ ಮಾರಿದೆ. ಇದು ಸಣ್ಣ ಸೇವೆಯಲ್ಲ. ಆದರೂ ಊರಿನ ಭತ್ತ ಊರಿನಲ್ಲಿ ಅಕ್ಕಿಯಾಗುವುದಿಲ್ಲ, ಗೂಡು ಊರಿನಲ್ಲಿ ನೂಲಾಗುವುದಿಲ್ಲ, ಓದಿದ ಹುಡುಗರು ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ. ಸಂಘದ ವತಿಯಿಂದ ಒಂದು ಒಳ್ಳೆಯ ಆಲೆಮನೆ ಘಟಕ ಹಾಕಿ, ರಾಸಾಯನಿಕ ಬೆರೆಸದ ಬೆಲ್ಲ ಮಾಡಿ ಮಾರಬೇಕೆಂದು ಕಿರಿಯ ಸದಸ್ಯರು ಕೇಳುತ್ತಿದ್ದಾರೆ. ಕಷ್ಟಪಟ್ಟು ಕೂಡಿಸಿದ ಮೀಸಲು ನಿಧಿಯನ್ನು ಕೊಪ್ಪರಿಗೆಗೆ ಸುರಿಯಬೇಡಿ ಎಂದು ಹಿರಿಯರು ಎಚ್ಚರಿಸುತ್ತಿದ್ದಾರೆ. ಎರಡೂ ಕಡೆಯವರಿಗೆ ಸಂಘದ ಮೇಲೆ ಪ್ರೀತಿ ಇದೆ.

ತೀರ್ಮಾನ ಸರ್ವ ಸದಸ್ಯರ ಸಭೆಗೆ ಸೇರಿದ್ದು, ಈ ಲೇಖನಕ್ಕಲ್ಲ. ಆದರೆ ವಿಶ್ವೇಶ್ವರಯ್ಯನವರ ಬದುಕನ್ನು ಓದಿದವರು ಆ ಸಭೆಗೆ ಕೆಲವು ಪ್ರಶ್ನೆ ಹಿಡಿದುಕೊಂಡು ಬರಬಹುದು. ವರ್ಷದಲ್ಲಿ ಎಷ್ಟು ತಿಂಗಳು ಕಬ್ಬು ಸಿಗುತ್ತದೆ? ಒಂದು ಕ್ವಿಂಟಾಲ್ ಬೆಲ್ಲಕ್ಕೆ ಕಬ್ಬು, ಉರುವಲು, ಕೂಲಿ ಸೇರಿ ಬೀಳುವ ಖರ್ಚೆಷ್ಟು? ಬೆಲೆ ಬಿದ್ದ ವರ್ಷ ಎಷ್ಟು ದಿನ ತಡೆದುಕೊಳ್ಳುವ ಶಕ್ತಿ ನಮಗಿದೆ? ಕೆಲಸ ಕಲಿಯಲು ಊರಿನ ಯಾವ ಹುಡುಗ, ಯಾವ ಹುಡುಗಿ ಸಿದ್ಧ? ತಿಂಗಳ ಲೆಕ್ಕ ಬರೆದು ಸಂಘದ ಗೋಡೆಗೆ ಅಂಟಿಸುವವರು ಯಾರು? ಇವಕ್ಕೆ ನೆಟ್ಟಗೆ ಉತ್ತರ ಸಿಕ್ಕರೆ ಹಿರಿಯರ ಭಯ ಅರ್ಧ ಕಡಿಮೆಯಾ��ುತ್ತದೆ. ಸಿಗದಿದ್ದರೆ ಕಿರಿಯರೂ ಇನ್ನೊಂದು ವರ್ಷ ತಾಳಿ ಲೆಕ್ಕ ಕಲಿಯಬೇಕಾಗುತ್ತದೆ. ಆ ಮಹನೀಯರ ಪಟಕ್ಕೆ ಹೂವಿಡುವಷ್ಟೇ ಶ್ರದ್ಧೆಯಿಂದ ಈ ಪ್ರಶ್ನೆಗಳಿಗೂ ಕೂತು ಉತ್ತರ ಬರೆಯೋಣ ಎಂದು ಸದಸ್ಯ ಬಂಧುಗಳಲ್ಲಿ ವಿನಂತಿಸುತ್ತಾ, ಎಲ್ಲರಿಗೂ ಬೆಳ್ಳಿಹಬ್ಬದ ಶುಭಾಶಯಗಳನ್ನು ಕೋರುತ್ತೇವೆ.